ಮೂರು ಬೋರ್, ಮೂರೂ ಫೇಲ್ ಆಗುವ ಚಾನ್ಸ್ ಎಂಟರಲ್ಲಿ ಒಂದೇನಾ?

ರಾಗಿಮುದ್ದೆ:
ಎಲ್ಲರಿಗೂ ನಮಸ್ಕಾರ. ಲೆಕ್ಕ ಗೊತ್ತಿರುವವರು ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮದು ಕೋಲಾರ ಜಿಲ್ಲೆ. ಟೊಮೇಟೊ, ಸ್ವಲ್ಪ ಹಿಪ್ಪುನೇರಳೆ ಇದೆ. ಹಳೇ ಬೋರ್ ಬತ್ತಿಹೋಯಿತು. ಹೊಸದಾಗಿ ಎರಡು ಕಡೆ ಕೊರೆಸಿದೆವು. ಎರಡರಲ್ಲೂ ಬರೀ ಧೂಳು. ಈಗ ಭಾವ ಮೂರನೆಯದಕ್ಕೆ ಕೈಸಾಲ ಮಾಡಲು ಹೊರಟಿದ್ದಾರೆ.

ಬೋರ್ ಗಾಡಿ ಏಜೆಂಟ್ ಹೇಳಿದ್ದು ಇಷ್ಟು: "ಈ ಕಡೆ ನೀರು ಬೀಳೋದು ಅರ್ಧಕ್ಕರ್ಧ. ಒಂದು ಫೇಲ್ ಆಗಬಹುದು, ಎರಡು ಫೇಲ್ ಆಗಬಹುದು. ಮೂರೂ ಫೇಲ್ ಆಗೋ ಚಾನ್ಸ್ ಎಂಟರಲ್ಲಿ ಒಂದೇ. ಇಲ್ಲಿಗೆ ಬಂದು ನಿಲ್ಲಿಸಿದರೆ ಹೇಗೆ?"

ಅಕ್ಕನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಅವಳೂ ಪುಸ್ತಕ ತೆಗೆದು, "ಸ್ವತಂತ್ರ ಘಟನೆ ಆದರೆ ಗುಣಿಸಬೇಕು ಮಾವ. ಅರ್ಧ ಇಂಟು ಅರ್ಧ ಇಂಟು ಅರ್ಧ, ಎಂಟರಲ್ಲಿ ಒಂದು ಸರಿಯಾಗೇ ಇದೆ" ಅಂದಳು. ಭಾವನಿಗೆ ಅಷ್ಟೇ ಸಾಕಾಯಿತು. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಎಲ್ಲಿ ತಪ್ಪಿದೆ ಅಂತ ಹೇಳೋಕೂ ಬರುತ್ತಿಲ್ಲ.

ಲೆಕ್ಕದ ಮೇಷ್ಟ್ರು:
ದುಡ್ಡು ಕೊಡಬೇಡಿ, ಸ್ವಲ್ಪ ತಡೆಯಿರಿ. ಈ ಲೆಕ್ಕದಲ್ಲಿ ಎರಡು ಬೇರೆ ಬೇರೆ ತಪ್ಪಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು. ಎಂಟರಲ್ಲಿ ಒಂದು ಅನ್ನೋ ಮಾತು ಒಂದೂ ಬೋರ್ ಕೊರೆಸದೆ ಇದ್ದಾಗಿನ ಮಾತು. ನಿಮ್ಮದು ಆಗಲೇ ಎರಡು ಫೇಲ್ ಆಗಿದೆ. ಆದದ್ದು ಆಗಿಹೋಯಿತು, ಅದಕ್ಕಿನ್ನು ಚಾನ್ಸ್ ಇಲ್ಲ. ಉಳಿದಿರೋದು ಒಂದೇ ಬೋರ್. ಏಜೆಂಟ್ ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಂಡರೂ ಅದು ಫೇಲ್ ಆಗುವ ಚಾನ್ಸ್ ಅರ್ಧ. ಎಂಟರಲ್ಲಿ ಒಂದು ಅಲ್ಲವೇ ಅಲ್ಲ.

ಚೌಕಾಬಾರ ಆಡಿದ್ದೀರಲ್ವಾ? ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು ಮನೆ. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ ಅಂತ ಇಟ್ಟುಕೊಂಡರೆ ಚೌಕಕ್ಕೆ 1/2 × 1/2 × 1/2 × 1/2 = 1/16. ಬಾರಕ್ಕೂ 1/16. ಎರಡರಲ್ಲಿ ಒಂದು ಬಿದ್ದು ಇನ್ನೊಂದು ಆಟ ಸಿಗುವ ಚಾನ್ಸ್ 1/8. ಸತತವಾಗಿ ಎರಡು ಸಲ ಸಿಗಬೇಕಾದರೆ 1/64. ಆದರೆ ಒಂದು ಸಲ ಚೌಕ ಬಿದ್ದಾಯಿತು, ಕವಡೆ ಮತ್ತೆ ಕೈಗೆ ಬಂತು ಅನ್ನಿ. ಈಗ ಮುಂದಿನ ಎಸೆತಕ್ಕೆ ಮತ್ತೆ 1/8 ಅಷ್ಟೇ. ಹಿಂದೆ ಏನು ಬಿತ್ತು ಅಂತ ಕವಡೆಗೆ ನೆನಪಿಲ್ಲ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಕವಡೆಗೆ ನೆನಪಿಲ್ಲ ಸರಿ. ನಿಮ್ಮ ಹೊಲದ ಅಡಿಯ ಬಂಡೆ ಕಥೆ ಹಾಗಲ್ಲ. ಸಂಜೆ ಬರೆಯುತ್ತೇನೆ, ಈಗ ಕ್ಲಾಸ್ ಇದೆ.

ಕುಪ್ಪಣ್ಣ ಪಾರ್ಕ್ ಬೆಂಚು:
ಮೇಷ್ಟ್ರೇ, ಒಂದು ತಕರಾರು. ಕವಡೆ ಸಮನಾಗಿ ಬೀಳಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ, ಮಧ್ಯೆ ಸೀಳು. ಹುಣಸೆ ಬೀಜ ಒಂದು ಮಗ್ಗುಲು ತೇದು ಆಡುವವರಿಗೂ ಇದು ಗೊತ್ತು, ಯಾವ ಬೀಜ ಎಷ್ಟು ತೇದಿದೆ ಅನ್ನೋದರ ಮೇಲೆ ಆಟವೇ ಬದಲಾಗುತ್ತದೆ. ಹಾಗಾದರೆ ನಿಮ್ಮ ಗುಣಾಕಾರ ಬಿದ್ದುಹೋಯಿತಲ್ಲ?

ಲೆಕ್ಕದ ಮೇಷ್ಟ್ರು:
ಒಳ್ಳೇ ಪ್ರಶ್ನೆ. ಸಂಖ್ಯೆ ಬದಲಾಗುತ್ತದೆ, ಗುಣಾಕಾರ ಉಳಿಯುತ್ತದೆ. ಸಮನಾಗಿ ಬೀಳೋದು ಬೇರೆ, ಸ್ವತಂತ್ರವಾಗಿ ಬೀಳೋದು ಬೇರೆ. ಮಕ್ಕಳು ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಲೆಕ್ಕಕ್ಕಾಗಿ ಬಾಯಿ ಮೇಲಾಗಿ ಬೀಳೋದು 0.4, ಮಗುಚಿ ಬೀಳೋದು 0.6 ಅನ್ನೋಣ. ಆಗ ಚೌಕ 0.4 ನಾಲ್ಕು ಸಲ ಗುಣಿಸಿದರೆ 0.0256. ಸುಮಾರು 39 ಎಸೆತಕ್ಕೆ ಒಂದು. ಬಾರ 0.6 ನಾಲ್ಕು ಸಲ ಗುಣಿಸಿದರೆ 0.1296. ಎಂಟಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ನೋಡಿ, ಒಂದು ಕವಡೆಯಲ್ಲಿ ಸಣ್ಣ ವ್ಯತ್ಯಾಸ, ನಾಲ್ಕು ಸೇರಿದಾಗ ಬಾರ ಬೀಳೋದು ಚೌಕದ ಐದರಷ್ಟಾಯಿತು. ಆದರೂ ಗುಣಿಸಿದ್ದು ನ್ಯಾಯವಾಗೇ ಇದೆ. ಒಂದು ಕವಡೆ ಹೇಗೆ ಬಿತ್ತು ಅಂತ ತಿಳಿದರೆ ಪಕ್ಕದ ಕವಡೆ ಬಗ್ಗೆ ಹೊಸದೇನೂ ಗೊತ್ತಾಗಲ್ಲ. ಸ್ವತಂತ್ರ ಅಂದರೆ ಇಷ್ಟೇ.

ಕುಪ್ಪಣ್ಣ ಪಾರ್ಕ್ ಬೆಂಚು:
ಆದರೆ ಕೈ ಪಳಗಿದವರು ಎಸೆಯೋದೇ ಬೇರೆ ಥರ. ಅಂಗೈಯಲ್ಲಿ ನಾಲ್ಕನ್ನೂ ಒಂದೇ ಮಗ್ಗುಲಿಗೆ ಜೋಡಿಸಿಕೊಂಡು, ಕುಲುಕದೆ, ನೆಲಕ್ಕೆ ಹತ್ತಿರದಿಂದ ಜಾರಿಸುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಎಸೆದರೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಲೆಕ್ಕದ ಮೇಷ್ಟ್ರು:
ಹಿಡಿಯದೆ ಇದ್ದದ್ದೇ ಸರಿ! ಹಾಗೆ ಜಾರಿಸಿದಾಗ ನಾಲ್ಕೂ ಕವಡೆಯ ಗತಿ ಒಂದೇ ಕೈಚಳಕದ ಮೇಲೆ ನಿಂತಿತು. ಒಂದು ಮಗುಚಿದರೆ ಉಳಿದವೂ ಮಗುಚಿರುವ ಸಾಧ್ಯತೆ ಜಾಸ್ತಿ. ಅಲ್ಲಿ ಗುಣಿಸುವಂತಿಲ್ಲ. ಈ ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಬೋರ್ ವಿಷಯಕ್ಕೆ ಬೇಕಾಗುತ್ತದೆ.

ಕಲ್ಲುಮಣ್ಣು:
ನಾನು ಭೂವಿಜ್ಞಾನ ಓದಿದವನು, ಅದೇ ಕೆಲಸ ಮಾಡಿ ನಿವೃತ್ತನಾದವನು. ರಾಗಿಮುದ್ದೆಯವರೇ, ಎರಡು ಪಾಯಿಂಟ್ ನಡುವೆ ಎಷ್ಟು ದೂರ ಇತ್ತು? ಪಾಯಿಂಟ್ ನೋಡಿದ್ದು ಯಾರು?

ರಾಗಿಮುದ್ದೆ:
ನೂರು, ನೂರಿಪ್ಪತ್ತು ಅಡಿ ಇರಬಹುದು ಸರ್. ತೆಂಗಿನಕಾಯಿ ಹಿಡಿದು ನೋಡುವವರು ಬಂದಿದ್ದರು. ಎರಡೂ ಅವರೇ ತೋರಿಸಿದ್ದು. ಮೂರನೆಯದನ್ನೂ ತೋರಿಸಿ ಹೋಗಿದ್ದಾರೆ, ಬದುವಿನ ಹತ್ತಿರ.

ಕಲ್ಲುಮಣ್ಣು:
ಹಾಗಾದರೆ ಕೇಳಿ. ಕೋಲಾರದ ಕಡೆ ನೆಲದಡಿಯಲ್ಲಿ ಇರೋದು ಗಟ್ಟಿ ಶಿಲೆ. ಗ್ರಾನೈಟ್, ನೈಸ್ ಅನ್ನುವ ಪಟ್ಟೆಪಟ್ಟೆ ಕಲ್ಲು. ಮರಳಿನಲ್ಲಿ ನೀರು ಹರಡಿಕೊಂಡಿರುವ ಹಾಗೆ ಇಲ್ಲಿ ಇರಲ್ಲ. ಮೇಲೆ ಶಿಥಿಲವಾದ ಪದರ, ಅದರ ಕೆಳಗೆ ಬಂಡೆ. ಆಳದಲ್ಲಿ ನೀರು ಇರೋದು ಆ ಬಂಡೆಯ ಬಿರುಕುಗಳಲ್ಲಿ ಮಾತ್ರ. ಕೊರೆಯುವಾಗ ಬಿಟ್ ಒಂದು ಒದ್ದೆ ಬಿರುಕಿಗೆ ಸಿಕ್ಕಿದರೆ ಧೂಳು ನಿಂತು ಕೆಸರು ಮೇಲೆ ಬರುತ್ತದೆ. ಸಿಗದಿದ್ದರೆ ಕೊನೇ ಅಡಿಯವರೆಗೂ ಬೂದಿ ಬಣ್ಣದ ಪುಡಿಯೇ. ಅಡಿ ಲೆಕ್ಕದ ದುಡ್ಡು ಎರಡಕ್ಕೂ ಒಂದೇ.

ಈಗ ನಿಮ್ಮ ಎರಡು ಬೋರ್ ನೂರು ಅಡಿ ಅಂತರದಲ್ಲಿವೆ. ಒಂದೇ ಬಂಡೆ, ಒಂದೇ ಮಳೆ, ಸುತ್ತಲಿನ ಬೋರ್‌ಗಳು ಎಳೆದುಕೊಳ್ಳುತ್ತಿರೋದೂ ಅದೇ ನೀರನ್ನು. ಒಂದು ಒಣಗಿದ್ದಕ್ಕೆ ಏನು ಕಾರಣವೋ ಇನ್ನೊಂದು ಒಣಗಿದ್ದಕ್ಕೂ ಹೆಚ್ಚುಕಮ್ಮಿ ಅದೇ ಕಾರಣ. ಅದರ ಮೇಲೆ ಪಾಯಿಂಟ್ ತೋರಿಸಿದವರೂ ಒಬ್ಬರೇ. ಮೂರನೆಯದು ಬದುವಿನ ಹತ್ತಿರ ಅಂದರೆ ಅದೂ ಇದೇ ಬಂಡೆ ಮೇಲೆ.

ಒಂದು ಮಾತು ಸೇರಿಸಬೇಕು. ಬಿರುಕು ಓರೆಯಾಗಿ, ಸಪೂರವಾಗಿ ಇರಬಹುದು. ಇಪ್ಪತ್ತು ಅಡಿ ಆಚೆ ನೀರು, ಈಚೆ ಒಣ ಅನ್ನೋದನ್ನ ನಾನೇ ಕಂಡಿದ್ದೇನೆ. ಹಾಗಾಗಿ ಎರಡು ಫೇಲ್ ಆದ ಮೇಲೆ ಮೂರನೆಯದು ಫೇಲ್ ಆಗೇ ಆಗುತ್ತದೆ ಅಂತ ಯಾರೂ ಹೇಳುವಂತಿಲ್ಲ. ಸ್ವತಂತ್ರ ಅಂತ ಮಾತ್ರ ಹೇಳಬೇಡಿ.

ಲೆಕ್ಕದ ಮೇಷ್ಟ್ರು:
ಸರ್, ನನ್ನ ಅರ್ಧ ಕೆಲಸ ನೀವೇ ಮಾಡಿಬಿಟ್ಟಿರಿ. ಇನ್ನರ್ಧ ಲೆಕ್ಕ ನಾನು ಹಾಕುತ್ತೇನೆ. ಸಂಖ್ಯೆಗಳು ವಿವರಿಸೋಕೆ ಅಂತ ನಾನು ಇಟ್ಟುಕೊಂಡವು, ಕೋಲಾರದ ಅಳತೆ ಅಲ್ಲ.

1000 ರೈತರ ಹೊಲ ತೆಗೆದುಕೊಳ್ಳಿ. 500 ಹೊಲದ ಅಡಿಯಲ್ಲಿ ಚೆನ್ನಾಗಿ ಬಿರುಕು ಬಿಟ್ಟ ಬಂಡೆ. ಅಲ್ಲಿ ಒಂದು ಬೋರ್ ಫೇಲ್ ಆಗೋದು 0.2. ಇನ್ನು 500 ಹೊಲದ ಅಡಿ ಗಟ್ಟಿ ಬಂಡೆ. ಅಲ್ಲಿ ಫೇಲ್ ಆಗೋದು 0.8. ಎಲ್ಲ ಸೇರಿಸಿ ನೋಡಿದರೆ ಫೇಲ್ ಆಗೋದು ಸರಾಸರಿ ಅರ್ಧ. ಏಜೆಂಟ್ ಹೇಳಿದ "ಅರ್ಧಕ್ಕರ್ಧ" ಸುಳ್ಳೇನಲ್ಲ, ನೋಡಿ.

ಈಗ ಎಲ್ಲರೂ ಎರಡೆರಡು ಬೋರ್ ಹಾಕಿಸಿದರು. ಒಳ್ಳೇ ಹೊಲದವರಲ್ಲಿ ಎರಡೂ ಫೇಲ್ ಆದವರು 500 × 0.2 × 0.2 = 20 ಜನ. ಗಟ್ಟಿ ಬಂಡೆಯವರಲ್ಲಿ 500 × 0.8 × 0.8 = 320 ಜನ. ಒಟ್ಟು 340 ಜನ ರಾಗಿಮುದ್ದೆಯವರ ಸ್ಥಿತಿಯಲ್ಲಿ ಇದ್ದಾರೆ. ಅವರಲ್ಲಿ 320 ಜನ ನಿಂತಿರೋದು ಗಟ್ಟಿ ಬಂಡೆ ಮೇಲೆ. ಇದೇ ಮುಖ್ಯ.

ಈ 340 ಜನ ಮೂರನೇ ಬೋರ್ ಹಾಕಿಸಲಿ. ಆ 20ರಲ್ಲಿ 4 ಜನಕ್ಕೆ ಫೇಲ್. 320ರಲ್ಲಿ 256 ಜನಕ್ಕೆ ಫೇಲ್. ಒಟ್ಟು 260. 340ಕ್ಕೆ 260 ಅಂದರೆ ಸುಮಾರು 0.76. ನಾಲ್ಕರಲ್ಲಿ ಮೂರಕ್ಕಿಂತ ಜಾಸ್ತಿ!

ಏಜೆಂಟ್ ಲೆಕ್ಕದಲ್ಲಿ ಮೂರೂ ಫೇಲ್ ಆಗೋದು 1000ಕ್ಕೆ 125. ಇಲ್ಲಿ 260. ಎರಡರಷ್ಟಕ್ಕಿಂತ ಹೆಚ್ಚು. ಒಂದೊಂದು ಹೊಲದ ಒಳಗೆ ನಾನು ಗುಣಿಸಿಯೇ ಲೆಕ್ಕ ಹಾಕಿದ್ದೇನೆ, ಗಮನಿಸಿ. ಬಂಡೆ ಎಂಥದ್ದು ಅಂತ ಗೊತ್ತಿದ್ದರೆ ಬೋರ್‌ಗಳು ಸ್ವತಂತ್ರ ಅಂತ ಇಟ್ಟುಕೊಂಡೆ. ಬಂಡೆ ಎಂಥದ್ದು ಅಂತ ಗೊತ್ತಿಲ್ಲದಿದ್ದಾಗ ಮೊದಲೆರಡು ಬೋರ್ ಸುಮ್ನೆ ಫೇಲ್ ಆಗಲಿಲ್ಲ, ಬಂಡೆ ಬಗ್ಗೆ ಸುದ್ದಿ ಕೊಟ್ಟವು. ಆ ಸುದ್ದಿಗೆ ಆಗಲೇ ದುಡ್ಡು ಕೊಟ್ಟಾಗಿದೆ. ಅದನ್ನು ಕೇಳಿಸಿಕೊಳ್ಳದೆ ಮೂರನೆಯದು ಕೊರೆಸೋದು ನಷ್ಟದ ಮೇಲೆ ನಷ್ಟ.

ಎರಡು ಸೋತರೆ ಮೂರನೆಯದು ಗೆಲ್ಲಲೇಬೇಕು ಅಂತ ನಮಗೆಲ್ಲ ಅನಿಸುತ್ತದೆ. ಕವಡೆಯಲ್ಲಿ ಅದು ತಪ್ಪು ಲೆಕ್ಕ ಅಷ್ಟೇ. ಬೋರ್‌ನಲ್ಲಿ ಪೂರ್ತಿ ತಿರುವುಮುರುವು.

ಮಲೆನಾಡ ಮಳೆ:
ನಮ್ಮ ಕಡೆ ಒಬ್ಬರು ಇನ್ನೂ ಸುಲಭದ ಲೆಕ್ಕ ಹೇಳಿದ್ದರು. ಒಂದಕ್ಕೆ ಅರ್ಧ, ಎರಡು ಹಾಕಿಸಿದರೆ ಅರ್ಧ ಕೂಡಿಸು ಅರ್ಧ, ಪೂರ್ತಿ ಗ್ಯಾರಂಟಿ ಅಂತ.

ಲೆಕ್ಕದ ಮೇಷ್ಟ್ರು:
ಹಳೇ ತಪ್ಪು ಅದು. 17ನೇ ಶತಮಾನದ ಫ್ರಾನ್ಸ್‌ನಲ್ಲಿ ಷೆವಲಿಯೆ ದ ಮೆರೆ ಅನ್ನುವವರು ಗಣಿತಜ್ಞ ಪಾಸ್ಕಲ್ ಮುಂದೆ ಇಟ್ಟ ಪ್ರಶ್ನೆ ಇದೇ ಜಾತಿಯದು. ಒಂದು ದಾಳವನ್ನು 4 ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುತ್ತದೆ ಅಂತ ಪಣ ಕಟ್ಟೋದು ಲಾಭ. ಎರಡು ದಾಳವನ್ನು 24 ಸಲ ಎಸೆದು ಒಮ್ಮೆಯಾದರೂ ಜೋಡಿ ಆರು ಅಂತ ಕಟ್ಟಿದರೆ ನಷ್ಟ. ಕೂಡಿಸುವ ಲೆಕ್ಕದಲ್ಲಿ 4/6, 24/36 ಎರಡೂ ಒಂದೇ. ಸರಿಯಾದ ದಾರಿ ಅಂದರೆ ಒಂದೂ ಬೀಳದೆ ಇರುವ ಚಾನ್ಸ್ ಗುಣಿಸಿ, ಅದನ್ನು ಒಂದರಿಂದ ಕಳೆಯೋದು. 5/6 ನಾಲ್ಕು ಸಲ ಗುಣಿಸಿ ಕಳೆದರೆ 0.518. 35/36 ಇಪ್ಪತ್ತನಾಲ್ಕು ಸಲ ಗುಣಿಸಿ ಕಳೆದರೆ 0.491. ಪಾಸ್ಕಲ್ ಮತ್ತು ಇನ್ನೊಬ್ಬ ಗಣಿತಜ್ಞ ಫರ್ಮಾ 1654ರಲ್ಲಿ ಪತ್ರ ಬರೆದುಕೊಂಡಿದ್ದು ಇಂಥ ಲೆಕ್ಕಗಳ ಬಗ್ಗೆಯೇ.

ಚೆಷರ್ ಕನ್ನಡತಿ:
ತಡವಾಗಿ ಓದಿದೆ. ನಾನಿರೋದು ಇಂಗ್ಲೆಂಡಿನಲ್ಲಿ. ಹೀಗೆ ಗುಣಿಸಬಾರದ ಕಡೆ ಗುಣಿಸಿದ್ದರಿಂದ ಇಲ್ಲಿ ಒಬ್ಬ ತಾಯಿಯ ಬದುಕೇ ಹೋಯಿತು. ಹೇಳದೆ ಇರೋಕಾಗಲ್ಲ.

ಸ್ಯಾಲಿ ಕ್ಲಾರ್ಕ್ ಅಂತ ಒಬ್ಬ ವಕೀಲೆ. ಮೊದಲ ಮಗ ಕ್ರಿಸ್ಟೋಫರ್ 1996ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಹುಟ್ಟಿ ಮೂರು ತಿಂಗಳೂ ತುಂಬಿರಲಿಲ್ಲ. ಎರಡನೇ ಮಗ ಹ್ಯಾರಿ 1998ರ ಜನವರಿಯಲ್ಲಿ ಹೋದ. ಅವನಿಗೆ ಎಂಟು ವಾರ. ಎರಡು ಮಕ್ಕಳನ್ನೂ ತಾಯಿಯೇ ಕೊಂದಳು ಅಂತ ಕೇಸ್ ಹಾಕಿದರು. 1999ರಲ್ಲಿ ಚೆಸ್ಟರ್ ಕ್ರೌನ್ ಕೋರ್ಟ್‌ನಲ್ಲಿ ವಿಚಾರಣೆ. ಮಕ್ಕಳ ವೈದ್ಯ ಪ್ರೊಫೆಸರ್ ರಾಯ್ ಮೆಡೋ ಸಾಕ್ಷಿ ಹೇಳಲು ಬಂದರು.

ಅವರು ಹೇಳಿದ್ದು ಹೀಗೆ. ಸಿಗರೇಟು ಸೇದದ, ದುಡಿಮೆ ಇರುವ, ತಾಯಿಗೆ 26 ದಾಟಿರುವ ಮನೆಯಲ್ಲಿ ಮಗು ಕಾರಣ ತಿಳಿಯದೆ ತೊಟ್ಟಿಲಲ್ಲೇ ಸಾಯುವ ಚಾನ್ಸ್ 8,543ಕ್ಕೆ ಒಂದು. ಒಂದೇ ಮನೆಯಲ್ಲಿ ಎರಡು ಮಕ್ಕಳು ಹಾಗೆ ಸಾಯೋದು 8,543 × 8,543, ಅಂದರೆ ಸುಮಾರು 7 ಕೋಟಿ 30 ಲಕ್ಷಕ್ಕೆ ಒಂದು. ಆ ಸಂಖ್ಯೆ ಪತ್ರಿಕೆಗಳಲ್ಲೆಲ್ಲ ಬಂತು. ಜ್ಯೂರಿಯ ಹತ್ತು ಜನ ತಪ್ಪಿತಸ್ಥೆ ಅಂದರು, ಇಬ್ಬರು ಒಪ್ಪಲಿಲ್ಲ. ಜೀವಾವಧಿ ಶಿಕ್ಷೆ ಆಯಿತು.

ಒಂದೇ ತಂದೆ ತಾಯಿ, ಒಂದೇ ರಕ್ತ, ಒಂದೇ ಮನೆ. ಮೊದಲ ಮಗುವಿಗೆ ಹುಟ್ಟಿನಿಂದ ಬಂದ ಏನೋ ತೊಂದರೆ ಇದ್ದರೆ ಎರಡನೆಯದಕ್ಕೂ ಇರಬಹುದಲ್ವಾ? ಮೇಲೆ ಮೇಷ್ಟ್ರು ಹೇಳಿದ ಬಂಡೆಯ ಲೆಕ್ಕವೇ ಇದು. ಎರಡನ್ನೂ ಸ್ವತಂತ್ರ ಅಂತ ಹಿಡಿಯೋಕೆ ಯಾರಿಗೂ ಆಧಾರ ಇರಲಿಲ್ಲ. ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರ ಅಕ್ಟೋಬರ್‌ನಲ್ಲಿ ಈ ಲೆಕ್ಕಕ್ಕೆ ಸಂಖ್ಯಾಶಾಸ್ತ್ರದ ಆಧಾರ ಇಲ್ಲ ಅಂತ ಬಹಿರಂಗವಾಗಿ ಹೇಳಿತು.

ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. 7 ಕೋಟಿ 30 ಲಕ್ಷಕ್ಕೆ ಒಂದು ಅನ್ನೋದು ಸರಿ ಅಂತಲೇ ಇಟ್ಟುಕೊಳ್ಳಿ. ಅದು "ಈ ತಾಯಿ ನಿರ್ದೋಷಿ ಆಗಿರುವ ಚಾನ್ಸ್" ಅಲ್ಲ. ತಾಯಿ ತನ್ನ ಎರಡು ಹಸುಗೂಸುಗಳನ್ನು ಕೊಲ್ಲೋದೂ ತೀರಾ ಅಪರೂಪವೇ. ಎರಡು ಅಪರೂಪಗಳನ್ನು ಪಕ್ಕಪಕ್ಕ ಇಟ್ಟು ತೂಗಬೇಕಿತ್ತು. ಒಂದನ್ನೇ ತೋರಿಸಿದರು.

2003ರ ಜನವರಿಯಲ್ಲಿ ಎರಡನೇ ಮೇಲ್ಮನವಿಯಲ್ಲಿ ಬಿಡುಗಡೆ ಆಯಿತು. ಮುಖ್ಯ ಕಾರಣ, ಹ್ಯಾರಿಯ ದೇಹದಲ್ಲಿ ಸೋಂಕಿನ ಬ್ಯಾಕ್ಟೀರಿಯಾ ಕಂಡಿದ್ದ ಪರೀಕ್ಷಾ ವರದಿಯನ್ನು ಪ್ರತಿವಾದಿಗಳಿಗೆ ಕೊಟ್ಟೇ ಇರಲಿಲ್ಲ. ಆಕೆ ಚೇತರಿಸಿಕೊಳ್ಳಲಿಲ್ಲ. 2007ರಲ್ಲಿ, 42ನೇ ವಯಸ್ಸಿಗೆ ತೀರಿಕೊಂಡರು.

ಲೆಕ್ಕದ ಮೇಷ್ಟ್ರು:
ಮೇಡಂ, ಇದನ್ನು ನನ್ನ ಕ್ಲಾಸಿನಲ್ಲಿ ಹೇಳುತ್ತೇನೆ. ಸೂತ್ರ ಪುಸ್ತಕದಲ್ಲಿ ಒಂದು ಸಾಲು. ಆ ಸಾಲಿನ ಮೊದಲ ಪದ "ಸ್ವತಂತ್ರವಾಗಿದ್ದರೆ". ಮಕ್ಕಳು ಅದನ್ನು ದಾಟಿಕೊಂಡು ಗುಣಾಕಾರಕ್ಕೆ ಹೋಗುತ್ತಾರೆ. ನಾವು ಕೊಡುವ ಪ್ರಶ್ನೆಯಲ್ಲೂ "ಇವು ಸ್ವತಂತ್ರ ಘಟನೆಗಳಾದರೆ" ಅಂತ ಮೊದಲೇ ಬರೆದು ಕೊಡುತ್ತೇವೆ. ಹೌದೋ ಅಲ್ಲವೋ ಅಂತ ಕೇಳುವ ಅಭ್ಯಾಸ ಎಲ್ಲಿಂದ ಬರಬೇಕು ಹೇಳಿ.

ಬಯಲುಸೀಮೆ:
ಹಾಗಾದರೆ ಪ್ರಪಂಚದಲ್ಲಿ ಯಾವುದೂ ಸ್ವತಂತ್ರ ಅಲ್ಲ. ಎಲ್ಲದಕ್ಕೂ ಎಲ್ಲದರ ನಂಟು ಇದ್ದೇ ಇರುತ್ತದೆ. ಗುಣಿಸೋದನ್ನೇ ಬಿಟ್ಟುಬಿಡಬೇಕಾ?

ಲೆಕ್ಕದ ಮೇಷ್ಟ್ರು:
ಬಿಡಬೇಕಿಲ್ಲ. ದಾಳ, ನಾಣ್ಯ, ಚೆನ್ನಾಗಿ ಕುಲುಕಿದ ಕವಡೆ, ಇಲ್ಲೆಲ್ಲ ಧೈರ್ಯವಾಗಿ ಗುಣಿಸಿ. ಕೋಲಾರದ ಬೋರ್ ಮತ್ತು ಕಾರವಾರದ ಬೋರ್, ಅಲ್ಲೂ ನಂಟು ಸಣ್ಣದು. ಎರಡಕ್ಕೂ ತಾಗುವ ಒಂದೇ ಕಾರಣ ಇದೆಯಾ ಅಂತ ಮೊದಲು ಹುಡುಕಿ. ಸಿಗದಿದ್ದರೆ ಗುಣಿಸಿ.

ನಂಟು ಇದ್ದಾಗಲೆಲ್ಲ ಚಾನ್ಸ್ ಏರುತ್ತದೆ ಅಂತಲೂ ಇಲ್ಲ. ಒಂದು ಡಬ್ಬಿಯಲ್ಲಿ 10 ಚೀಟಿ, ಎರಡರಲ್ಲಿ ಬಹುಮಾನ. ಎತ್ತಿದ ಚೀಟಿ ವಾಪಸ್ ಹಾಕಿದರೆ ಎರಡು ಸಲವೂ ಬಹುಮಾನ ಬರೋದು 2/10 × 2/10 = 1/25. ವಾಪಸ್ ಹಾಕದಿದ್ದರೆ 2/10 × 1/9 = 1/45. ಇಲ್ಲಿ ನಂಟಿನಿಂದ ಇಳಿಯಿತು. ಇಲ್ಲೂ ಗುಣಿಸಿದ್ದೇ, ಆದರೆ ಎರಡನೇ ಸಂಖ್ಯೆಯನ್ನು "ಮೊದಲನೆಯದು ಆದ ಮೇಲೆ ಎಷ್ಟು" ಅಂತ ಕೇಳಿ ಹಾಕಿದೆವು. ಆ ಪ್ರಶ್ನೆ ಕೇಳಿಕೊಂಡು ಗುಣಿಸಿದರೆ ಸ್ವತಂತ್ರ ಆಗಿರಲಿ, ಬಿಡಲಿ, ಉತ್ತರ ತಪ್ಪಲ್ಲ.

ರಾಗಿಮುದ್ದೆ:
ಎಲ್ಲರಿಗೂ ಕೈ ಮುಗಿಯುತ್ತೇನೆ. 1000 ರೈತರ ಲೆಕ್ಕವನ್ನು ಕಾಗದದ ಮೇಲೆ ಬರೆದು ಭಾವನಿಗೆ ತೋರಿಸಿದೆ. 320 ಅನ್ನೋ ಕಡೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಗಾಡಿಯವರಿಗೆ ಸದ್ಯ ಬರಬೇಡಿ ಅಂತ ಹೇಳಿದ್ದೇವೆ. ಕಲ್ಲುಮಣ್ಣು ಸರ್, ಮುಂದೆ ಏನು ಮಾಡೋದು?

ಕಲ್ಲುಮಣ್ಣು:
ಮೊದಲು ಸುತ್ತಲಿನ ಹೊಲಗಳಲ್ಲಿ ಎಲ್ಲೆಲ್ಲಿ ಬೋರ್ ಇದೆ, ಎಷ್ಟು ಅಡಿಗೆ ನೀರು ಬಿತ್ತು, ಯಾವುದು ಒಣಗಿತು ಅಂತ ಒಂದು ನಕ್ಷೆ ಬರೆದುಕೊಳ್ಳಿ. ಖರ್ಚಿಲ್ಲದ ಕೆಲಸ, ಆದರೆ ಯಾರೂ ಮಾಡಲ್ಲ. ಆಮೇಲೆ ಭೂವಿಜ್ಞಾನಿಯೊಬ್ಬರಿಂದ ನೆಲಕ್ಕೆ ಕರೆಂಟ್ ಹಾಯಿಸಿ ನೋಡುವ ಸರ್ವೇ ಮಾಡಿಸಿ. ಒದ್ದೆ ಬಿರುಕು ಇರುವ ಕಡೆ ಕರೆಂಟ್ ಸಲೀಸಾಗಿ ಹರಿಯುತ್ತದೆ, ಗಟ್ಟಿ ಬಂಡೆಯಲ್ಲಿ ತಡೆಯುತ್ತದೆ. ಅದೂ ಖಾತ್ರಿ ಅಲ್ಲ. ಆದರೆ ಹಳೇ ಎರಡು ಬೋರ್‌ಗೆ ಸಂಬಂಧ ಇಲ್ಲದ ಹೊಸ ಮಾಹಿತಿ ಕೊಡುತ್ತದೆ. ಎಲ್ಲೂ ದಾರಿ ಕಾಣದಿದ್ದರೆ ಆ ಸಾಲದ ದುಡ್ಡಿನಲ್ಲಿ ಕೃಷಿ ಹೊಂಡ, ಹನಿ ನೀರಾವರಿ ಯೋಚಿಸಿ. ಹೊಸ ಬೋರ್ ಆದರೆ ಅನುಮತಿ ಬೇಕಾ ಅಂತಲೂ ಮೊದಲೇ ವಿಚಾರಿಸಿ.

ಪಿಯುಸಿ ಹುಡುಗಿ:
ನಾನೇ ಆ ಅಕ್ಕನ ಮಗಳು. ಮೇಷ್ಟ್ರೇ, ನನಗೆ ಎರಡು ಡೌಟ್. ಒಂದು, ಒಟ್ಟಿಗೆ ಆಗೋಕೆ ಸಾಧ್ಯವೇ ಇಲ್ಲದ ಘಟನೆಗಳನ್ನು ಸ್ವತಂತ್ರ ಅನ್ನಬಹುದಾ? ಒಂದಕ್ಕೊಂದು ಸಂಬಂಧವೇ ಇಲ್ಲವಲ್ಲ. ಎರಡು, ಮೂರು ಘಟನೆ ಇದ್ದಾಗ ಎರಡೆರಡನ್ನು ಜೋಡಿ ಮಾಡಿ ಸ್ವತಂತ್ರ ಅಂತ ತೋರಿಸಿದರೆ ಸಾಕಾ?

ಲೆಕ್ಕದ ಮೇಷ್ಟ್ರು:
ಬಾಮ್ಮಾ, ಒಳ್ಳೇ ಪ್ರಶ್ನೆ ತಂದಿದ್ದೀಯ. ಮೊದಲನೆಯದಕ್ಕೆ ಕವಡೆಯನ್ನೇ ನೋಡು. ಒಂದೇ ಎಸೆತದಲ್ಲಿ ಚೌಕ ಮತ್ತು ಬಾರ ಎರಡೂ ಬೀಳಲ್ಲ. ಚೌಕ ಬಿತ್ತು ಅಂತ ಯಾರಾದರೂ ಹೇಳಿದರೆ ಬಾರ ಬಿದ್ದಿಲ್ಲ ಅಂತ ನಿನಗೆ ನೋಡದೇ ಗೊತ್ತು. ಇದಕ್ಕಿಂತ ಗಟ್ಟಿ ನಂಟು ಇನ್ನೇನು ಬೇಕು? ಗುಣಿಸಿದರೆ 1/256 ಬರುತ್ತದೆ, ನಿಜವಾದ ಉತ್ತರ ಸೊನ್ನೆ. ಹಾಗಾಗಿ ಸ್ವತಂತ್ರ ಅಲ್ಲ.

ಎರಡನೆಯದಕ್ಕೆ ಎರಡು ನಾಣ್ಯ ತಗೋ. ಮೊದಲನೇ ಘಟನೆ, ಮೊದಲ ನಾಣ್ಯ ಹೆಡ್. ಎರಡನೇ ಘಟನೆ, ಎರಡನೇ ನಾಣ್ಯ ಹೆಡ್. ಮೂರನೇ ಘಟನೆ, ಎರಡೂ ನಾಣ್ಯ ಒಂದೇ ಥರ ಬೀಳೋದು. ಮೂರಕ್ಕೂ ಚಾನ್ಸ್ ಅರ್ಧ. ಯಾವ ಜೋಡಿ ತಗೊಂಡರೂ ಎರಡೂ ಒಟ್ಟಿಗೆ ಆಗೋದು ಎರಡೂ ಹೆಡ್ ಬಿದ್ದಾಗ ಮಾತ್ರ, ಅಂದರೆ 1/4. ಅರ್ಧ ಇಂಟು ಅರ್ಧವೂ 1/4. ಜೋಡಿಗಳೆಲ್ಲ ಸ್ವತಂತ್ರ. ಈಗ ಮೂರೂ ಒಟ್ಟಿಗೆ ಆಗಬೇಕು ಅಂದರೂ ಎರಡೂ ಹೆಡ್ ಬಿದ್ದರೆ ಸಾಕು, 1/4. ಗುಣಿಸಿದರೆ 1/8 ಬರುತ್ತದೆ. ಹೊಂದಲಿಲ್ಲ. ಮೊದಲೆರಡು ಆದ ಕೂಡಲೇ ಮೂರನೆಯದು ತಾನಾಗಿ ಆಯಿತು. ಅದಕ್ಕೇ ಮೂರು ಜೋಡಿಗಳನ್ನೂ ನೋಡಬೇಕು, ಮೂರೂ ಒಟ್ಟಿಗೆ ಇದ್ದಾಗ ಏನಾಗುತ್ತದೆ ಅಂತಲೂ ನೋಡಬೇಕು. ಒಟ್ಟು ನಾಲ್ಕು ಸಲ ಚೆಕ್ ಮಾಡಬೇಕು.

ಪಿಯುಸಿ ಹುಡುಗಿ:
ಹಾಗಾದರೆ ನಾಲ್ಕು ಘಟನೆ ಇದ್ದರೆ ಆರು ಜೋಡಿ, ಮೂರು ಮೂರರ ಗುಂಪು ನಾಲ್ಕು, ಆಮೇಲೆ ನಾಲ್ಕೂ ಒಟ್ಟಿಗೆ ಒಂದು. 11 ಅಲ್ವಾ?

ಲೆಕ್ಕದ ಮೇಷ್ಟ್ರು:
11. ಸರಿಯಾಗಿದೆ.